ಲ್ಯಾಕ್ಸ್‌ಟನ್ನಿನಲ್ಲಿ ಉಳಿದಿರುವುದೇನು, ಉಳಿಸಿಕೊಂಡು ಬರುತ್ತಿರುವವರು ಯಾರು?

ಪ್ರಶ್ನೆ: ಕೆಲಸದ ನಿಮಿತ್ತ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ಇಂಗ್ಲೆಂಡಿನ ಅತ್ಯಂತ ಐತಿಹಾಸಿಕ ಹಳ್ಳಿಗಳಲ್ಲಿ ಒಂದು ಎಂದು ಕೇಳಿ ಲ್ಯಾಕ್ಸ್‌ಟನ್‌ಗೆ ಹೋಗಿ ಬಂದೆವು. ಕೆಂಪು ಇಟ್ಟಿಗೆಯ ಮನೆಗಳು, ಒಂದು ಚರ್ಚು, ಒಂದು ಪಬ್, ಸುತ್ತ ಹೊಲಗಳು. ಹಿಂದೆ ನೋಡಿದ್ದ ಲೇಕಾಕ್‌ನಂಥ ಚೆಲುವೇನೂ ಕಾಣಲಿಲ್ಲ. ಇಲ್ಲಿ ಸಂರಕ್ಷಿಸಿರುವುದು ನಿಜವಾಗಿ ಏನನ್ನು? ಅದನ್ನು ನೋಡಿಕೊಳ್ಳುವವರು ಸರ್ಕಾರದವರೋ, ಊರಿನವರೋ? ಜನ ಬದುಕುತ್ತಿರುವ ಊರನ್ನು ಹೀಗೆ ಹಳೆಯ ರೂಪದಲ್ಲಿ ಎಷ್ಟು ಕಾಲ ಇರಿಸಿಕೊಳ್ಳಲು ಸಾಧ್ಯ?"

ಉತ್ತರ: ನೀವು ನೋಡಬೇಕಾಗಿದ್ದುದು ಮನೆಗಳ ಹಿಂದಿನ ಹೊಲಗಳನ್ನು. ಲ್ಯಾಕ್ಸ್‌ಟನ್ನಿನಲ್ಲಿ ಉಳಿದಿರುವುದು ಒಂದು ಸಾಗುವಳಿ ಪದ್ಧತಿ, ಮತ್ತು ಆ ಪದ್ಧತಿಯನ್ನು ನಡೆಸಿಕೊಂಡು ಹೋಗುವ ಊರಿನದೇ ಒಂದು ನ್ಯಾಯಸಭೆ. ಮಧ್ಯಯುಗದಲ್ಲಿ ಮಧ್ಯ ಇಂಗ್ಲೆಂಡಿನ ಬಹುಪಾಲು ಹಳ್ಳಿಗಳು ಬೇಸಾಯ ಮಾಡುತ್ತಿದ್ದ ರೀತಿಯಲ್ಲಿ, ಅಂದರೆ ಬೇಲಿಯಿಲ್ಲದ ಮೂರು ದೊಡ್ಡ ಹೊಲಗಳನ್ನು ಪಟ್ಟೆಪಟ್ಟೆಯಾಗಿ ಹಂಚಿಕೊಂಡು ಎಲ್ಲರೂ ಒಂದೇ ಬೆಳೆಸರದಿಗೆ ಒಳಪಟ್ಟು ಉಳುವ ರೀತಿಯಲ್ಲಿ, ಇಂದಿಗೂ ಬೇಸಾಯ ನಡೆದಿದ್ದು ಅದಕ್ಕೆ ಕಾನೂನಿನ ಬಲವಿರುವ ಊರಿನ ನ್ಯಾಯಸಭೆಯೊಂದು ಇರುವ ಏಕೈಕ ಹಳ್ಳಿ ಇದು. ಡೆವನ್‌ನ ಬ್ರಾಂಟನ್ ಮತ್ತು ಲಿಂಕನ್‌ಶೈರಿನ ಆಕ್ಸ್‌ಹೋಮ್ ಪ್ರದೇಶದಲ್ಲಿ ಇಂಥ ಪಟ್ಟೆಹೊಲಗಳ ಭಾಗಗಳು ಉಳಿದಿವೆಯಾದರೂ ಅಲ್ಲಿ ಅವುಗಳನ್ನು ಆಳುತ್ತಿದ್ದ ಸಭೆಗಳು ಎಂದೋ ಮರೆಯಾದವು.

ಮೂರು ಹೊಲಗಳ ಹೆಸರು ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್ ಮತ್ತು ಸೌತ್ ಫೀಲ್ಡ್. ಒಂದು ವರ್ಷ ಒಂದು ಹೊಲದಲ್ಲಿ ಶರತ್ಕಾಲದಲ್ಲಿ ಬಿತ್ತುವ ಗೋಧಿ. ಮರುವರ್ಷ ಅದೇ ಹೊಲದಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ. ಮೂರನೆಯ ವರ್ಷ ಅದು ಬೀಳು. ಹಿಂದೆ ಬೀಳು ಹೊಲದಲ್ಲಿ ಊರಿನ ಕುರಿಗಳು ಮೇಯುತ್ತಿದ್ದವು, ಅವುಗಳ ಗೊಬ್ಬರವೇ ಮುಂದಿನ ಗೋಧಿಗೆ ಆಧಾರವಾಗಿತ್ತು. ಈಗ ಆ ಸರದಿಯಲ್ಲಿ ಹುಲ್ಲು ಅಥವಾ ಮೇವಿನ ಬೆಳೆ ಬರುತ್ತದೆ. ಒಬ್ಬ ರೈತನ ಜಮೀನು ಒಂದೇ ಕಡೆ ಇರುವುದಿಲ್ಲ. ಅವನ ಪಟ್ಟೆಗಳು ಮೂರೂ ಹೊಲಗಳಲ್ಲಿ ಚದುರಿವೆ. ಹಾಗಾಗಿ ಯಾವ ವರ್ಷವೂ ಅವನ ಪಾಲಿಗೆ ಗೋಧಿ ತಪ್ಪುವುದಿಲ್ಲ, ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಸ್ವಲ್ಪಸ್ವಲ್ಪ ಬರುತ್ತವೆ, ಒಂದು ಮೂಲೆಯಲ್ಲಿ ನೀರು ನಿಂತು ಬೆಳೆ ಕೊಳೆತರೆ ಇನ್ನೊಂದು ಮೂಲೆ ಕೈಹಿಡಿಯುತ್ತದೆ. ಇಲ್ಲಿಯದು ಭಾರವಾದ ಕೆಂಪು ಜೇಡಿಮಣ್ಣು. ಮಳೆ ಹೆಚ್ಚಾದ ವರ್ಷ ಈ ಚದುರುವಿಕೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಪಟ್ಟೆ ಮತ್ತು ಪಟ್ಟೆಯ ನಡುವೆ ಬದುವಾಗಲಿ ಬೇಲಿಯಾಗಲಿ ಇಲ್ಲ; ನೇಗಿಲಿನ ಒಂದು ಸಾಲು ಮಾತ್ರ ಗಡಿ. ಗೋಧಿ ಮೊಳೆತ ಮೇಲೆ ಹೊರಗಿನವರಿಗೆ ಎಲ್ಲವೂ ಒಂದೇ ಹೊಲದಂತೆ ಕಾಣುವುದರಿಂದ ನಿಮಗೆ ವಿಶೇಷವೇನೂ ತೋರದಿದ್ದುದು ಸಹಜ.

ಮನೆಗಳು ನಿಂತಿರುವ ಬಗೆಯನ್ನು ಈ ಹೊಲಗಳೇ ವಿವರಿಸುತ್ತವೆ. ಹೊಲಗಳನ್ನು ಬೇಲಿ ಹಾಕಿ ಒಡೆದ ಊರುಗಳಲ್ಲಿ ರೈತರು ತಮ್ಮ ತಮ್ಮ ಜಮೀನಿನ ನಡುವೆ ಮನೆ ಕಟ್ಟಿಕೊಂಡು ಊರಿನಿಂದ ಹೊರಬಿದ್ದರು. ಲ್ಯಾಕ್ಸ್‌ಟನ್ನಿನಲ್ಲಿ ಹಾಗಾಗಲಿಲ್ಲ. ಎಲ್ಲರ ಪಟ್ಟೆಗಳೂ ಎಲ್ಲೆಡೆ ಇದ್ದುದರಿಂದ ಎಲ್ಲರಿಗೂ ಅನುಕೂಲವಾದ ಜಾಗ ಊರಿನ ಬೀದಿಯೇ ಆಗಿತ್ತು. ಆದ್ದರಿಂದ ಹೊಲದ ಮನೆ, ಕಣಜ, ದನದ ಕೊಟ್ಟಿಗೆ ಎಲ್ಲವೂ ಇಂದಿಗೂ ಬೀದಿಯ ಎರಡೂ ಬದಿಗೆ ಸಾಲಾಗಿವೆ. ಹಲವು ಮನೆಗಳು ರಸ್ತೆಗೆ ತೋರುವುದು ತಮ್ಮ ಪಕ್ಕದ ತ್ರಿಕೋನ ಗೋಡೆಯನ್ನು, ಮುಂಬಾಗಿಲು ಅಂಗಳದ ಕಡೆಗಿರುತ್ತದೆ, ಹಿಂದೆ ಕಿರಿದಾದ ಉದ್ದನೆಯ ಹಿತ್ತಿಲು. ಮನೆಗಳಲ್ಲಿ ಹೆಚ್ಚಿನವು 18ನೇ ಶತಮಾನದ ಇಟ್ಟಿಗೆ ಮತ್ತು ಬಾಗುಹೆಂಚಿನ ಕಟ್ಟಡಗಳು. ಅವುಗಳ ವಯಸ್ಸಿಗಿಂತ ಅವು ನಿಂತಿರುವ ನಿವೇಶನಗಳ ಹಂಚಿಕೆ ಎಷ್ಟೋ ಹಳೆಯದು. ಚರ್ಚಿನ ಉತ್ತರಕ್ಕೆ ಹುಲ್ಲು ಮುಚ್ಚಿದ ದೊಡ್ಡ ದಿಬ್ಬವೊಂದಿದೆ. ಅದು 12ನೇ ಶತಮಾನದ ಮಣ್ಣುಕೋಟೆಯ ಅವಶೇಷ. ಊರಿನ ಹೆಸರು 1086ರ ಡೂಮ್ಸ್‌ಡೇ ಎಂಬ ಜಮೀನುಲೆಕ್ಕದ ದಾಖಲೆಯಲ್ಲಿಯೇ ಬರುತ್ತದೆ.

ಈ ಊರಿನ ಹಂಚಿಕೆ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿದಿರುವುದು 1635ರ ಒಂದು ನಕ್ಷೆಯಿಂದ. ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಅದನ್ನು ಅಳೆದು ಬರೆದನು; ಈಗ ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿಯೊಂದು ಪಟ್ಟೆಯನ್ನೂ ಬಿಡಿಬಿಡಿಯಾಗಿ ಗುರುತಿಸಿ, ಜೊತೆಗೆ ಉಳುವವರು, ಕೊಯ್ಯುವವರು, ಬೇಟೆಯಾಡುವವರ ಪುಟ್ಟ ಚಿತ್ರಗಳನ್ನೂ ಬಿಡಿಸಿದ ಅಪರೂಪದ ನಕ್ಷೆ ಅದು. ಅದನ್ನು ಮಾಡಿಸಿದ ಜಮೀನಿನ ಒಡೆಯ ಲಂಡನ್ನಿನ ವರ್ತಕ ಸರ್ ವಿಲಿಯಂ ಕೂರ್ಟೀನ್. ಕನ್ನಡ ಓದುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕೆನಿಸುತ್ತದೆ: ಅದೇ 1635ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್ ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ವ್ಯಾಪಾರ ಮಾಡಲು ಕೂರ್ಟೀನ್ ಕೂಟಕ್ಕೆ ಪರವಾನಗಿ ಕೊಟ್ಟನು. ಸರ್ ವಿಲಿಯಂ ಮರುವರ್ಷವೇ ತೀರಿಕೊಂಡರೂ ಅವನ ಕೂಟದ ಹಡಗುಗಳು 1637ರಲ್ಲಿ ಭಟ್ಕಳಕ್ಕೆ ಬಂದವು, ಮುಂದೆ ಕಾರವಾರದಲ್ಲಿಯೂ ಕೋಠಿ ತೆರೆದವು. ಆ ಹಡಗುಗಳಲ್ಲಿ ಬಂದಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ಕೆಳದಿಯ ವೀರಭದ್ರ ನಾಯಕನ ಕಾಲದ ಆ ರಾಜಧಾನಿಯನ್ನು ಕಂಡು ಬರೆದಿಟ್ಟಿದ್ದಾನೆ. ಲ್ಯಾಕ್ಸ್‌ಟನ್ನಿನ ಒಂದೊಂದು ಪಟ್ಟೆಯನ್ನೂ ಎಣಿಸಿದ ಲೆಕ್ಕಬುದ್ಧಿಯೂ ಮಲೆನಾಡಿನ ಮೆಣಸನ್ನು ಅರಸಿಕೊಂಡು ಬಂದ ಬಂಡವಾಳವೂ ಒಂದೇ ಮನೆತನದ್ದಾಗಿದ್ದವು.

ಇನ್ನು, ಎಲ್ಲೆಡೆ ಅಳಿದದ್ದು ಇಲ್ಲಿ ಹೇಗೆ ಉಳಿಯಿತು ಎಂಬುದು. ಇಂಗ್ಲೆಂಡಿನ ಸಾಮೂಹಿಕ ಹೊಲಗಳನ್ನು ಬೇಲಿ ಹಾಕಿ ಖಾಸಗಿ ಜಮೀನುಗಳಾಗಿ ಒಡೆಯಲು 1604ರಿಂದ 1914ರ ನಡುವೆ ಸಂಸತ್ತು 5,200ಕ್ಕೂ ಹೆಚ್ಚು ಕಾಯಿದೆಗಳನ್ನು ಅಂಗೀಕರಿಸಿತು. ಅವು ಮುಟ್ಟಿದ ನೆಲ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇಳುವರಿ ಹೆಚ್ಚಿತು, ಗೇಣಿ ಏರಿತು, ಹುಲ್ಲು ಮತ್ತು ಸೌದೆಯ ಹಕ್ಕನ್ನೇ ನಂಬಿದ್ದ ಸಣ್ಣವರು ನೆಲೆ ಕಳೆದುಕೊಂಡರು. ಲ್ಯಾಕ್ಸ್‌ಟನ್ನಿನ ಒಡೆಯರು ಈ ಲಾಭವನ್ನು ಬೇಡವೆಂದು ಬಿಟ್ಟವರೇನೂ ಅಲ್ಲ. 19ನೇ ಶತಮಾನದಲ್ಲಿ ಇಲ್ಲಿಯ ನೆಲದ ಮೇಲೆ ಅರ್ಲ್ ಮ್ಯಾನ್‌ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೋ ಎಂಬ ಎರಡು ಮನೆತನಗಳಿಗೆ ಹಿಡಿತವಿತ್ತು. ಜಮೀನು ಅದಲುಬದಲಿನ ಬಗ್ಗೆ ಇಬ್ಬರಿಗೂ ಬಹುಕಾಲ ಒಮ್ಮತವಾಗಲಿಲ್ಲ, ಖರ್ಚಿನ ಪ್ರಶ್ನೆಯೂ ಅಡ್ಡಬಂದಿತು. ಊರಿನ ಕೆಲವು ಭಾಗಗಳಿಗೆ ಬೇಲಿ ಬಿದ್ದಿತು, ಮೂರು ಹೊಲಗಳ ಒಳಭಾಗ ಉಳಿಯಿತು. 20ನೇ ಶತಮಾನದ ಆರಂಭದಲ್ಲಿ ಮ್ಯಾನ್‌ವರ್ಸ್ ಎಸ್ಟೇಟ್ ಸಣ್ಣಸಣ್ಣ ಪಟ್ಟೆಗಳನ್ನು ಜೋಡಿಸಿ ಅಗಲ ಮಾಡಿ ಸಂಖ್ಯೆಯನ್ನು ಇಳಿಸಿತು. ಇದನ್ನು ಕೆಲವರು ಶುದ್ಧತೆಗೆ ಬಂದ ಕುಂದೆಂದು ಎಣಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಪದ್ಧತಿಯನ್ನು ಉಳಿಸಿದ್ದೇ ಆ ಮಾರ್ಪಾಡು. ಅಗಲ ಹೆಚ್ಚದಿದ್ದರೆ ಟ್ರ್ಯಾಕ್ಟರು ಬಂದ ದಿನವೇ ಪಟ್ಟೆಗಳ ಕಥೆ ಮುಗಿಯುತ್ತಿತ್ತು.

ಊರಿಗೆ ತನ್ನ ವಿಶೇಷದ ಅರಿವು ಹೊರಗಿನಿಂದಲೂ ಬಂದಿತು. ಆಕ್ಸ್‌ಫರ್ಡಿನಲ್ಲಿ ಕೃಷಿ ಅರ್ಥಶಾಸ್ತ್ರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಆರ್ವಿನ್ ಮತ್ತು ಅವರ ಪತ್ನಿ ಕ್ರಿಸ್ಟಬೆಲ್ ಆರ್ವಿನ್ 1938ರಲ್ಲಿ ಲ್ಯಾಕ್ಸ್‌ಟನ್ನಿನ ಹೊಲಗಳ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಈ ಹೊಲಗಳನ್ನು ಒಡೆಯುವುದು ಬರಿಯ ಗೇಣಿಲೆಕ್ಕದ ವಿಷಯವಾಗಿ ಉಳಿಯಲಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಇದನ್ನೆಲ್ಲ ನೋಡಿಕೊಳ್ಳುವುದು ಕೋರ್ಟ್ ಲೀಟ್ ಎಂಬ ಊರಿನ ನ್ಯಾಯಸಭೆ. ಹಿಂದೆ ಪ್ರತಿ ಜಮೀನುದಾರಿಕೆಗೂ ಇಂಥದೊಂದು ಇತ್ತು. 1977ರ ನ್ಯಾಯಾಡಳಿತ ಕಾಯಿದೆ ಇಂಗ್ಲೆಂಡಿನ ಹಳೆಯ ಸ್ಥಳೀಯ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿದಾಗ ಲ್ಯಾಕ್ಸ್‌ಟನ್ನಿನ ಸಭೆಗೆ ವಿನಾಯಿತಿ ನೀಡಿತು. ಬೇರೆ ಕೆಲವು ಊರುಗಳಲ್ಲಿ ಕೋರ್ಟ್ ಲೀಟ್ ಇಂದಿಗೂ ಮೆರವಣಿಗೆ ಮತ್ತು ಊಟದ ಸಂಭ್ರಮವಾಗಿ ಸೇರುತ್ತದೆ. ಇಲ್ಲಿ ಅದು ದಂಡ ವಿಧಿಸಬಲ್ಲದು.

ಆ ಸಭೆಯ ನಿಜವಾದ ಕೆಲಸ ನಡೆಯುವುದು ನವೆಂಬರ್ ಕೊನೆಯಲ್ಲಿ, ಜ್ಯೂರಿ ದಿನದಂದು. ಹಿಂದಿನ ವರ್ಷದ ಸಭೆಯಲ್ಲಿ ಪ್ರಮಾಣ ಮಾಡಿದ 12 ಮಂದಿ, ಎಲ್ಲರೂ ಊರಿನ ನೆಲವನ್ನು ಬಲ್ಲವರು, ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಹತ್ತಿ ಆ ವರ್ಷ ಗೋಧಿ ಬಿತ್ತಿದ ಹೊಲಕ್ಕೆ ಹೋಗುತ್ತಾರೆ. ಗೋಧಿ ಆಗ ನೆಲದಿಂದ ನಾಲ್ಕು ಬೆರಳು ಮೇಲೆದ್ದಿರುತ್ತದೆ. ಯಾವ ನೇಗಿಲು ಎಲ್ಲಿಯವರೆಗೆ ಹೋಗಿದೆ ಎಂಬುದು ವರ್ಷದಲ್ಲಿ ಅಷ್ಟು ನಿಚ್ಚಳವಾಗಿ ಕಾಣುವ ಕಾಲ ಮತ್ತೊಂದಿಲ್ಲ. ಪಟ್ಟೆಯ ಎರಡೂ ತುದಿಗೆ ಮರದ ಗೂಟಗಳಿವೆ. ಒಬ್ಬರು ಒಂದು ಗೂಟದ ಬಳಿ ನಿಂತು, ಇನ್ನೊಂದು ತುದಿಯಲ್ಲಿ ನಿಂತವರ ಕಡೆಗೆ ಕಣ್ಣು ನೇರ ಹಾಯಿಸಿ, ಉತ್ತ ಸಾಲು ಆ ಗೆರೆಯಿಂದ ಎತ್ತ ಬಾಗಿದೆ ಎಂದು ನೋಡುತ್ತಾರೆ. ಕೊಳೆತ ಅಥವಾ ಯಂತ್ರ ತಾಗಿ ಮುರಿದ ಗೂಟದ ಜಾಗದಲ್ಲಿ ಹೊಸದನ್ನು ಹೊಡೆಯುತ್ತಾರೆ. ನೆರೆಯವನ ಪಟ್ಟೆಗೆ ಒಂದು ಸಾಲು ಜಾರಿದೆಯೇ, ಹೊಲದ ನಡುವಿನ ಹುಲ್ಲುದಾರಿಯ ಅಂಚು ಸವೆದಿದೆಯೇ, ಸಾಮೂಹಿಕ ಹುಲ್ಲುನೆಲವನ್ನು ಯಾರಾದರೂ ಉತ್ತಿದ್ದಾರೆಯೇ, ಚರಂಡಿ ತುಂಬಿದೆಯೇ ಎಂಬುದನ್ನೆಲ್ಲ ಗಮನಿಸಿ ತಪ್ಪುಗಳನ್ನು ಗುರುತಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಡವ್‌ಕೋಟ್ ಇನ್ ಎಂಬ ಊರಿನ ಪಬ್ಬಿಗೆ ಬಂದು ಊಟ ಮಾಡಿ, ಕಂಡ ತಪ್ಪುಗಳನ್ನೂ ಅವಕ್ಕೆ ತಕ್ಕ ದಂಡವನ್ನೂ ಚರ್ಚಿಸಿ ಬರೆದಿಡುತ್ತಾರೆ.

ಮರುವಾರ ಸಭೆ ಸೇರುವುದು ಅದೇ ಪಬ್ಬಿನಲ್ಲಿ. ಜಮೀನಿನ ಒಡೆಯರ ಪರವಾಗಿ ಸ್ಟೀವರ್ಡ್ ಅಧ್ಯಕ್ಷತೆ ವಹಿಸುತ್ತಾನೆ. ಬೇಲಿಫ್ ಸಭೆಯನ್ನು ಕೂಗಿ ತೆರೆಯುತ್ತಾನೆ. ಜ್ಯೂರಿಯ ವರದಿ ಓದಲಾಗುತ್ತದೆ, ದಂಡಕ್ಕೆ ಒಳಗಾದವನಿಗೆ ತಕರಾರಿದ್ದರೆ ಕೇಳಲಾಗುತ್ತದೆ, ಮುಂದಿನ ವರ್ಷ ಗೋಧಿ ಬಿತ್ತುವ ಹೊಲಕ್ಕೆ ಹೊಸ ಜ್ಯೂರಿ ಪ್ರಮಾಣ ಮಾಡುತ್ತದೆ. ತಪ್ಪಿಸಿಕೊಂಡ ದನಗಳನ್ನು ದೊಡ್ಡಿಗೆ ಕೂಡುವ ಪಿಂಡರ್ ಎಂಬ ಅಧಿಕಾರಿಯ ನೇಮಕವೂ ಇಂದಿಗೂ ನಡೆಯುತ್ತದೆ. ಆ ಇಟ್ಟಿಗೆಯ ದೊಡ್ಡಿಯನ್ನು ನೀವು ಊರಿನಲ್ಲಿ ನೋಡಬಹುದು. ದಂಡದ ಹಣ ದೊಡ್ಡದಲ್ಲ, ಟ್ರ್ಯಾಕ್ಟರು ನಡೆಸುವ ರೈತನ ಕಿಸೆಗೆ ಅದು ತಾಗುವುದಿಲ್ಲ. ಆದರೆ ತನ್ನ ಒತ್ತುವರಿಯನ್ನು ತನ್ನದೇ ಸರೀಕರು ಅಳೆದು, ಊರಿನ ಎದುರು ಹೆಸರು ಹಿಡಿದು ಓದುವುದು ಯಾರಿಗೂ ಹಿತವಲ್ಲ. ಮೇಲಾಗಿ, ಈ ವರ್ಷ ಅಳೆಸಿಕೊಂಡವನು ಇನ್ನೊಂದು ವರ್ಷ ಜ್ಯೂರಿಯಲ್ಲಿ ಅಳೆಯುವವನಾಗುತ್ತಾನೆ. ಮೂರು ವರ್ಷಕ್ಕೊಮ್ಮೆ ಪ್ರತಿ ಹೊಲವೂ ಈ ಪರೀಕ್ಷೆಗೆ ಒಳಪಡುತ್ತದೆ. ಬೇಲಿಯಿಲ್ಲದ ಹೊಲದಲ್ಲಿ ಒತ್ತುವರಿ ವರ್ಷಕ್ಕೆ ಒಂದು ಸಾಲಿನಂತೆ ಮೆಲ್ಲನೆ ನಡೆಯುತ್ತದೆ, ಎರಡು ತಲೆಮಾರು ಸುಮ್ಮನಿದ್ದರೆ ಪಟ್ಟೆಯೇ ಮಾಯವಾಗುತ್ತದೆ. ಅದನ್ನು ಮೂರು ವರ್ಷಕ್ಕಿಂತ ಹೆಚ್ಚು ಬೆಳೆಯಲು ಬಿಡದಿರುವುದರಲ್ಲಿ ಈ ಏರ್ಪಾಡಿನ ಜಾಣ್ಮೆಯಿದೆ.

ನಿಸರ್ಗ ಸಂರಕ್ಷಣೆಯೂ ಈ ಅಳತೆಯ ಬೆನ್ನಿಗೇ ಬಂದಿದೆ. ಹೊಲಗಳ ನಡುವೆ ಇಳಿಜಾರಾದ ಅಥವಾ ನೀರು ನಿಲ್ಲುವ, ನೇಗಿಲಿಗೆ ಒಗ್ಗದ ತುಣುಕುಗಳಿವೆ. ಅವನ್ನು ಅಲ್ಲಿ ಸೈಕ್ ಎನ್ನುತ್ತಾರೆ. ಅವು ಎಂದೂ ಉಳುಮೆ ಕಾಣದ ಹಳೆಯ ಹುಲ್ಲುಗಾವಲುಗಳು. ಎರಡನೆಯ ಮಹಾಯುದ್ಧದ ನಂತರ ರಸಗೊಬ್ಬರ ಮತ್ತು ಉಳುಮೆಯಿಂದಾಗಿ ಇಂಗ್ಲೆಂಡಿನ ಹೂವಿನ ಹುಲ್ಲುಗಾವಲುಗಳಲ್ಲಿ ಬಹುಪಾಲು ನಾಶವಾದವು. ಲ್ಯಾಕ್ಸ್‌ಟನ್ನಿನ ಸೈಕ್‌ಗಳು ಇಂದು ವಿಶೇಷ ವೈಜ್ಞಾನಿಕ ಆಸಕ್ತಿಯ ತಾಣವೆಂದು ಕಾನೂನಿನ ರಕ್ಷಣೆ ಪಡೆದಿವೆ. ಆ ರಕ್ಷಣೆ ಬಂದದ್ದು ತೀರ ಇತ್ತೀಚೆಗೆ. ಅದಕ್ಕೂ ಶತಮಾನಗಳ ಹಿಂದಿನಿಂದ ಅವನ್ನು ಕಾಯ್ದದ್ದು ಸೈಕ್‌ಗೆ ನೇಗಿಲು ಹಾಕಿದವನಿಗೆ ಜ್ಯೂರಿ ಹಾಕುತ್ತಿದ್ದ ದಂಡ. ಸೈಕ್‌ಗಳ ಹುಲ್ಲನ್ನು ಪ್ರತಿ ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ, ಬಂದ ಹಣ ಮೇವಿನ ಹಕ್ಕುಳ್ಳವರಿಗೆ ಹಂಚಿಕೆಯಾಗುತ್ತದೆ. ಹೂಗಳು ಬೀಜ ಉದುರಿಸಿದ ಮೇಲೆ ಹುಲ್ಲು ಕೊಯ್ದು ಒಯ್ಯುವುದು ಅಂಥ ನೆಲಕ್ಕೆ ಬೇಕಾದ ಆರೈಕೆಯೇ ಆಗಿದೆ: ಕೊಯ್ಯದೆ ಬಿಟ್ಟರೆ ಒರಟು ಹುಲ್ಲು ಮತ್ತು ಪೊದೆ ಮೇಲುಗೈ ಪಡೆಯುತ್ತವೆ, ಗೊಬ್ಬರ ಹಾಕಿದರೆ ಸೂಕ್ಷ್ಮ ಸಸ್ಯಗಳು ಸೊರಗುತ್ತವೆ. ಆ ಹೂಗಳನ್ನು ಮುಂದೆಯೂ ಕಾಣಬೇಕಾದರೆ ಒಣಹುಲ್ಲನ್ನು ಹಣ ಕೊಟ್ಟು ಕೊಳ್ಳುವವನೊಬ್ಬ ಊರಿನಲ್ಲಿ ಇರಬೇಕು, ಅವನ ಕೊಟ್ಟಿಗೆಯಲ್ಲಿ ದನವಿರಬೇಕು.

ಸರ್ಕಾರದ ಪಾತ್ರವೇನೆಂದು ಕೇಳಿದ್ದೀರಿ. ಅದು ಮುಖ್ಯವಾಗಿ ಒಡೆತನದ ಮೂಲಕ ನಡೆದದ್ದು. 1952ರಲ್ಲಿ 6ನೆಯ ಅರ್ಲ್ ಮ್ಯಾನ್‌ವರ್ಸ್ ಎಸ್ಟೇಟನ್ನು ಕೃಷಿ ಸಚಿವಾಲಯಕ್ಕೆ ಮಾರಿದನು; ತುಂಡುತುಂಡಾಗಿ ಮಾರಿದ್ದರೆ ಪದ್ಧತಿ ಅಲ್ಲಿಗೇ ಮುಗಿಯುತ್ತಿತ್ತು. 1981ರಲ್ಲಿ ಅದು ಸಚಿವಾಲಯದಿಂದ, ರಾಜಮುಕುಟದ ಹೆಸರಿನಲ್ಲಿರುವ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಯ ಕೈಗೆ ಹೋಯಿತು. ಕ್ರೌನ್ ಎಸ್ಟೇಟ್ ಲ್ಯಾಕ್ಸ್‌ಟನ್ನನ್ನು ಮಾರಲು ಹೊರಟಾಗ, ಕೊಳ್ಳುವವರು ಯಾರೋ, ಅವರಿಗೆ ಜ್ಯೂರಿಯ ಗೂಟಗಳ ಬೆಲೆ ತಿಳಿದೀತೋ ಇಲ್ಲವೋ ಎಂಬ ಚಿಂತೆ ಊರಿನಲ್ಲಿಯೂ ಇತಿಹಾಸಕಾರರಲ್ಲಿಯೂ ಹುಟ್ಟಿತು. ಕೊನೆಗೆ 2020ರಲ್ಲಿ ಅದನ್ನು ಪಡೆದದ್ದು ಹತ್ತಿರದ ಥೋರ್ಸ್‌ಬಿ ಎಸ್ಟೇಟ್, ಅಂದರೆ ಮ್ಯಾನ್‌ವರ್ಸ್ ಅರ್ಲ್‌ಗಳದೇ ಹಳೆಯ ಮನೆ. ಈ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬಹುಪಾಲು ನೆಲ ಒಂದೇ ಒಡೆತನದಲ್ಲಿ ಉಳಿದು, ಪಟ್ಟೆಗಳು ಮತ್ತು ಬೇಲಿಯೊಳಗಿನ ಜಮೀನು ಒಟ್ಟಾಗಿ ಗೇಣಿಗೆ ಹೋಗುತ್ತಿರುವವರೆಗೆ ರೈತನಿಗೆ ಪಟ್ಟೆಗಳನ್ನು ಬೇರೆ ಮಾಡಿ ಬಿಟ್ಟುಬಿಡುವ ದಾರಿಯಿಲ್ಲ. ಒಡೆಯನಿಗೆ ಮನಸ್ಸಿಲ್ಲದಿದ್ದರೆ ಊರಿನವರು ಎಷ್ಟೇ ನಿಷ್ಠೆಯಿಂದ ಗೂಟ ನೆಟ್ಟರೂ ಸಾಲದು. ಊರಿನವರಿಗೆ ಆಸ್ಥೆಯಿಲ್ಲದಿದ್ದರೆ ಒಡೆಯ ಎಷ್ಟೇ ಬಯಸಿದರೂ ಜ್ಯೂರಿಗೆ 12 ಜನ ಸಿಗುವುದಿಲ್ಲ.

ಕಟ್ಟಡಗಳ ವಿಷಯದಲ್ಲಿ ಕಾನೂನು ಹೆಚ್ಚು ನೇರವಾಗಿ ಕೈಹಾಕುತ್ತದೆ. ಇಂಗ್ಲೆಂಡಿನಲ್ಲಿ ಐತಿಹಾಸಿಕ ಕಟ್ಟಡಗಳ ಶಾಸನಬದ್ಧ ಪಟ್ಟಿ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯಿಂದ ಗಟ್ಟಿಯಾಯಿತು. ಇಡೀ ಬೀದಿಯನ್ನೋ ಊರನ್ನೋ ಸಂರಕ್ಷಣಾ ವಲಯವೆಂದು ಗುರುತಿಸುವ ಅಧಿಕಾರ 1967ರಲ್ಲಿ ಬಂದಿತು. ಲ್ಯಾಕ್ಸ್‌ಟನ್ ಕೂಡ ಅಂಥ ವಲಯ. ಪಟ್ಟಿಯಲ್ಲಿರುವ ಮನೆಯ ಸ್ವರೂಪ ಬದಲಾಗುವಂಥ ಯಾವ ಕೆಲಸಕ್ಕೂ, ಒಳಗಿನ ಮೆಟ್ಟಿಲು ತೆಗೆಯುವುದಕ್ಕೂ, ಸ್ಥಳೀಯ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದರೆ ಅದು ಅಪರಾಧ. ಇದು ಒಳ್ಳೆಯದೇ. ಆದರೆ ಹಳೆಯ ಮನೆಯ ಒಡೆಯರ ದಿನನಿತ್ಯದ ಕಷ್ಟ ಬೇರೆ ಕಡೆ ಇದೆ. ಹಳೆಯ ಇಟ್ಟಿಗೆ ಗೋಡೆಯ ಸಂದುಗಳಲ್ಲಿರುವುದು ಸುಣ್ಣದ ಗಾರೆ. ಅದು ಒಳಗಿನ ತೇವವನ್ನು ಹೊರಗೆ ಆರಲು ಬಿಡುತ್ತದೆ. ಅಗ್ಗವೆಂದು ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ತೇವ ಇಟ್ಟಿಗೆಯಲ್ಲಿಯೇ ಸಿಲುಕಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಹಪ್ಪಳದಂತೆ ಎಬ್ಬಿಸುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಕಡಿಮೆ, ಅವರ ಕೂಲಿ ಹೆಚ್ಚು. ಇದರ ಮೇಲೆ ತೆರಿಗೆಯ ನಿಯಮವೂ ಹಳೆಯ ಮನೆಗೆ ವಿರುದ್ಧವಾಗಿದೆ: ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೆಯದನ್ನು ದುರಸ್ತಿ ಮಾಡಿದರೆ 20%. ಪಟ್ಟಿಯಲ್ಲಿರುವ ಮನೆಗಳ ಅನುಮತಿ ಪಡೆದ ಮಾರ್ಪಾಡುಗಳಿಗೆ ಇದ್ದ ಸೊನ್ನೆ ದರವನ್ನೂ 2012ರಲ್ಲಿ ತೆಗೆದುಹಾಕಿದರು. ಮನೆಯನ್ನು ಹಾಗೆಯೇ ಕಾಪಾಡು ಎಂದು ಒಂದು ಕಾಯಿದೆ ಹೇಳುತ್ತಿರುವಾಗ ಕಾಪಾಡುವುದನ್ನೇ ಇನ್ನೊಂದು ಕಾಯಿದೆ ದುಬಾರಿ ಮಾಡುವುದು ಅನ್ಯಾಯವೆಂದು ನಾನು ಬಲವಾಗಿ ನಂಬುತ್ತೇನೆ.

ನೀವು ಮೆಚ್ಚಿದ ಲೇಕಾಕ್‌ನ ಮಾತೂ ಬರಲಿ, ಏಕೆಂದರೆ ಅದು ಸಂರಕ್ಷಣೆಯ ಇನ್ನೊಂದು ದಾರಿ. ವಿಲ್ಟ್‌ಶೈರಿನ ಆ ಊರಿನ ಮಠವನ್ನು 1232ರಲ್ಲಿ ಸ್ಥಾಪಿಸಿದವಳು ಸಾಲ್ಸ್‌ಬರಿಯ ಕೌಂಟೆಸ್ ಈಲಾ. ಮಠ ಮುಚ್ಚಿದ ಮೇಲೆ ಅದು ಮನೆಯಾಗಿ ಮಾರ್ಪಟ್ಟಿತು. 1835ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಪ್ರಸಿದ್ಧ ನೆಗೆಟಿವ್‌ನಲ್ಲಿ ಹಿಡಿದದ್ದು ಆ ಮನೆಯ ಕಿಟಕಿಯನ್ನೇ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಊರನ್ನೂ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ದಾನವಾಗಿ ಕೊಟ್ಟರು. ಅಲ್ಲಿಯ ಹೆಚ್ಚಿನ ಮನೆಗಳು ಟ್ರಸ್ಟ್‌ನವು, ಅವುಗಳಲ್ಲಿ ಬಾಡಿಗೆದಾರರು ಬದುಕುತ್ತಾರೆ. ಬೀದಿಯಲ್ಲಿ ತಂತಿಗಳು ಕಾಣುವುದಿಲ್ಲ, ಬಾಗಿಲ ಬಣ್ಣದವರೆಗೂ ಒಂದು ಒಪ್ಪವಿದೆ, ಸಿನಿಮಾ ಚಿತ್ರೀಕರಣಕ್ಕೆ ಮತ್ತೆಮತ್ತೆ ಬರುತ್ತಾರೆ. ಮನೆಗಳು ಮುಕ್ತ ಮಾರುಕಟ್ಟೆಗೆ ಬೀಳದಿರುವುದರಿಂದ, ವಾರಾಂತ್ಯಕ್ಕೆ ಮಾತ್ರ ಬರುವ ಶ್ರೀಮಂತರ ಎರಡನೆಯ ಮನೆಗಳಾಗಿ ಊರು ಬರಿದಾಗುವ ಅಪಾಯ ತಪ್ಪಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಬೀದಿಯ ರೂಪವನ್ನು ಕುರಿತ ನಿರ್ಧಾರ ಮುಖ್ಯವಾಗಿ ಒಡೆಯ ಸಂಸ್ಥೆಯದು.

ಊರಿನವರದೇ ನಿರ್ಧಾರ ಎಷ್ಟು ಕಷ್ಟದ್ದಾಗಬಹುದು ಎಂಬುದಕ್ಕೂ ಲೇಕಾಕ್‌ನಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿಯ ಸೇಂಟ್ ಸಿರಿಯಾಕ್ ಚರ್ಚಿನಲ್ಲಿ 15ನೇ ಶತಮಾನದ ಒಂದು ಬೆಳ್ಳಿಯ ಬಟ್ಟಲಿತ್ತು. ಔತಣದ ಪಾತ್ರೆಯಾಗಿ ಹುಟ್ಟಿ ಮುಂದೆ ಪೂಜೆಗೆ ಬಳಕೆಯಾದದ್ದು. ಅದರ ಬೆಲೆ ಏರಿದಂತೆ ಹಳ್ಳಿಯ ಚರ್ಚಿನಲ್ಲಿ ಇಟ್ಟುಕೊಳ್ಳುವುದೇ ಅಸಾಧ್ಯವಾಗಿ, ದಶಕಗಳ ಕಾಲ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿ ಎರವಲಾಗಿತ್ತು. ಚರ್ಚಿನ ಕಟ್ಟಡಕ್ಕೆ ಹಣ ಬೇಕಾದಾಗ ಬಟ್ಟಲನ್ನು ಮಾರಲು ಚರ್ಚಿನವರು ಧರ್ಮಪ್ರಾಂತ್ಯದ ನ್ಯಾಯಾಲಯದ ಅನುಮತಿ ಕೇಳಿದರು, ವಿರೋಧವೂ ಬಂದಿತು. 2013ರಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಲ್ಟ್‌ಶೈರ್ ಮ್ಯೂಸಿಯಂ ಒಟ್ಟಾಗಿ 13 ಲಕ್ಷ ಪೌಂಡಿಗೆ ಅದನ್ನು ಕೊಂಡವು. ತಲೆತಲಾಂತರದ ವಸ್ತುವನ್ನು ಮಾರಿ ಗೋಡೆಯನ್ನು ಉಳಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಿ ಎಂದೇ: ಬಟ್ಟಲು ಸಾರ್ವಜನಿಕ ಸಂಗ್ರಹದಲ್ಲಿ ಉಳಿಯಿತು, ಚರ್ಚು ಊರಿನಲ್ಲಿ ಉಳಿಯಿತು. ಆದರೂ ವಿರೋಧಿಸಿದವರ ನೋವನ್ನು ನಾನು ಹಗುರವಾಗಿ ಕಾಣಲಾರೆ.

ಕೊನೆಯದಾಗಿ, ಇದು ಎಷ್ಟು ಕಾಲ ಎಂಬ ಪ್ರಶ್ನೆ. ಲ್ಯಾಕ್ಸ್‌ಟನ್‌ಗೆ ಇರುವ ಅಪಾಯ ಪ್ರವಾಸಿಗರಿಂದಲ್ಲ, ರೈತರ ಕೊರತೆಯಿಂದ. ದಶಕದಿಂದ ದಶಕಕ್ಕೆ ಇಲ್ಲಿ ಬೇಸಾಯದ ಮನೆಗಳು ಕಡಿಮೆಯಾಗಿವೆ; ಒಬ್ಬ ಗೇಣಿದಾರ ನಿವೃತ್ತನಾದಾಗ ಅವನ ಪಟ್ಟೆಗಳು ಉಳಿದವರ ಪಾಲಿಗೆ ಸೇರುತ್ತವೆ. ಪಟ್ಟೆಗಳು ಕೆಲವೇ ಕೈಗಳಲ್ಲಿ ಕೂಡಿಕೊಂಡಷ್ಟೂ ಗಡಿಯ ಅಗತ್ಯವೂ, ಗಡಿ ನೋಡುವ ಜ್ಯೂರಿಯ ಅಗತ್ಯವೂ ತೆಳುವಾಗುತ್ತವೆ. ಎರಡು ಮೂರು ಮನೆಗಳಷ್ಟೇ ಉಳಿದರೆ 12 ಜನ ಅಳೆಯುವುದು ಯಾರ ನಡುವಿನ ಗಡಿಯನ್ನು? ಇಂದಿನ ಬಿತ್ತನೆ ಮತ್ತು ಸಿಂಪಡಣೆ ಯಂತ್ರಗಳು ಅಗಲವಾದ ಹೊಲವನ್ನು ಬೇಡುತ್ತವೆ, ಪಟ್ಟೆಯ ತುದಿಯಲ್ಲಿ ತಿರುಗಿಸುವುದರಲ್ಲಿ ಹೊತ್ತೂ ಇಂಧನವೂ ವ್ಯರ್ಥವಾಗುತ್ತವೆ. ಯುರೋಪಿಯನ್ ಒಕ್ಕೂಟದ ಕಾಲದಲ್ಲಿ ಎಕರೆ ಲೆಕ್ಕದಲ್ಲಿ ಬರುತ್ತಿದ್ದ ಸಹಾಯಧನವನ್ನು ಇಂಗ್ಲೆಂಡ್ 2021ರಿಂದ ಹಂತಹಂತವಾಗಿ ಕಡಿತಗೊಳಿಸುತ್ತ ಬಂದಿದೆ. ಅದರ ಬದಲು ಬಂದಿರುವ ಯೋಜನೆಗಳು ಮಣ್ಣು, ನೀರು, ಹುಲ್ಲುಗಾವಲಿನಂಥ ಸಾರ್ವಜನಿಕ ಹಿತದ ಕೆಲಸಕ್ಕೆ ಹಣ ಕೊಡುತ್ತವೆ. ಸೈಕ್‌ಗಳಿಗೆ ಇದರಲ್ಲಿ ಅವಕಾಶವಿದೆ. ಆದರೆ ಪಟ್ಟೆಯಲ್ಲಿ ಉಳುವ ಅನನುಕೂಲವನ್ನು, ನವೆಂಬರಿನ ಚಳಿಯಲ್ಲಿ ಗೂಟ ಹೊಡೆಯುವ ದಿನವನ್ನು ಸಾರ್ವಜನಿಕ ಹಿತವೆಂದು ಎಣಿಸಿ ಅದಕ್ಕೂ ಬೆಲೆ ಕಟ್ಟಬೇಕೆಂಬುದು ನನ್ನ ವಾದ; ಚರ್ಚಿನ ಗೋಡೆಗೆ ಅನುದಾನ ಕೊಡುವುದು ನ್ಯಾಯವಾದರೆ ಇದೂ ನ್ಯಾಯವೇ.

ಕಟ್ಟಡದ ಕಾನೂನು ಇಲ್ಲಿ ಕೈಲಾಗದ್ದು ಎಂಬುದನ್ನು ಮರೆಯಬಾರದು. ಊರಿನ ಎಲ್ಲ ಮನೆಗಳನ್ನೂ ಪಟ್ಟಿಗೆ ಸೇರಿಸಿ ಒಂದು ಹೆಂಚೂ ಕದಲದಂತೆ ನೋಡಿಕೊಂಡರೂ, ಒಂದು ವರ್ಷ ಜ್ಯೂರಿ ಸೇರದಿದ್ದರೆ ಆ ಕಾನೂನಿಗೆ ಅದು ತಿಳಿಯುವುದೂ ಇಲ್ಲ. ಆದುದರಿಂದ ಈ ಪದ್ಧತಿಯ ಆಯಸ್ಸು ಥೋರ್ಸ್‌ಬಿ ಎಸ್ಟೇಟ್ ತೆರವಾದ ಗೇಣಿಗಳನ್ನು ಯಾರಿಗೆ ಕೊಡುತ್ತದೆ ಎಂಬುದರ ಮೇಲೆ ಹೆಚ್ಚು ನಿಂತಿದೆ. ದನ ಸಾಕುವ, ಊರಿನಲ್ಲಿಯೇ ಮನೆ ಮಾಡುವ, ಕಿರಿಯ ಕುಟುಂಬಗಳಿಗೆ ಅವು ಸಿಕ್ಕರೆ ಪಟ್ಟೆಗಳಿಗೂ ಹುಲ್ಲಿನ ಹರಾಜಿಗೂ ಜ್ಯೂರಿಗೂ ಒಟ್ಟಿಗೆ ಜನ ಸಿಗುತ್ತಾರೆ. ಬೇಸಾಯವಿಲ್ಲದ ಹೊಸಬರೂ ಊರಿಗೆ ಬೇಕು. ಪಬ್ಬು, ಚರ್ಚು, ಗ್ರಾಮ ಸಭಾಂಗಣ ನಡೆಯುವುದು ಅವರಿಂದಲೂ ಹೌದು, ಮತ್ತು ಡವ್‌ಕೋಟ್ ಇನ್ ಮುಚ್ಚಿದರೆ ನ್ಯಾಯಸಭೆಗೆ ಕೂರುವ ಜಾಗವೇ ಇರುವುದಿಲ್ಲ.

ನೀವು ನಾಟಿಂಗ್‌ಹ್ಯಾಮ್‌ನಲ್ಲಿಯೇ ಇರುವುದರಿಂದ ಮತ್ತೊಮ್ಮೆ ಹೋಗಿ ಬರುವುದು ಕಷ್ಟವಲ್ಲ. ಸೈಕ್‌ಗಳ ಹೂ ನೋಡಬೇಕಾದರೆ ಹುಲ್ಲು ಕೊಯ್ಯುವ ಮೊದಲು, ಜೂನ್‌ನಲ್ಲಿ ಹೋಗಿ; ಪಟ್ಟೆಗಳನ್ನು ನೋಡಬೇಕಾದರೆ ನವೆಂಬರ್ ಮಧ್ಯದ ನಂತರ. ಪಬ್ಬಿನ ಪಕ್ಕದ ಸಂದರ್ಶಕರ ಕೇಂದ್ರದಲ್ಲಿ ಆ ವರ್ಷ ಗೋಧಿ ಯಾವ ಹೊಲದ್ದು ಎಂದು ತಿಳಿದುಕೊಂಡು, ಸಾರ್ವಜನಿಕ ಕಾಲುದಾರಿಯಲ್ಲಿಯೇ ನಡೆದು, ಹೊಲದ ಅಂಚಿನ ಗೂಟವೊಂದನ್ನು ಹುಡುಕಿ. ಅದರಿಂದ ಎದುರಿನ ಗೂಟದ ಕಡೆಗೆ ನೋಡಿದರೆ ಎಳೆಯ ಗೋಧಿಯ ಸಾಲುಗಳು ಎಲ್ಲಿ ದಿಕ್ಕು ಅಥವಾ ಬಣ್ಣ ಬದಲಿಸುತ್ತವೆಯೋ ಅಲ್ಲಿ ಒಬ್ಬರ ಪಟ್ಟೆ ಮುಗಿದು ಮತ್ತೊಬ್ಬರದು ಶುರುವಾಗಿರುತ್ತದೆ. ಗೂಟವನ್ನು ಮಾತ್ರ ಅಲುಗಿಸಬೇಡಿ.